ಮಾದಾಪುರ: ಹಳ್ಳಿ–ನಗರಗಳ ನಡುವಿನ ವಲಸೆ ಮತ್ತು ಜನಸಂಖ್ಯೆಯ ಬದಲಾವಣೆ

ಮಾದಾಪುರವು ತೆಲಂಗಾಣದ ರಾಜಧಾನಿ ಹೈದರಾಬಾದಿನ ಪಶ್ಚಿಮ ಭಾಗದ ಒಂದು ಬಡಾವಣೆ. ಆಡಳಿತದ ಲೆಕ್ಕದಲ್ಲಿ ಇದು ರಂಗಾರೆಡ್ಡಿ ಜಿಲ್ಲೆಯ ಶೇರಿಲಿಂಗಂಪಲ್ಲಿ ಮಂಡಲಕ್ಕೆ ಸೇರುತ್ತದೆ. ಕೊಂಡಾಪುರ, ಗಚ್ಚಿಬೌಲಿ, ರಾಯದುರ್ಗಂ, ಜುಬಿಲಿ ಹಿಲ್ಸ್ ಇದರ ನೆರೆಹೊರೆ. 1990ರ ದಶಕದ ಮೊದಲ ವರ್ಷಗಳವರೆಗೂ ಗ್ರಾನೈಟ್ ಗುಡ್ಡಗಳು, ದುರ್ಗಂ ಚೆರುವು ಎಂಬ ಕೆರೆ, ಮಳೆಯನ್ನೇ ನೆಚ್ಚಿದ ಹೊಲಗಳು ಇವುಗಳ ನಡುವೆ ಇದ್ದ ಸಣ್ಣ ಊರು, ಒಂದು ತಲೆಮಾರಿನೊಳಗೆ ದೇಶದ ದೊಡ್ಡ ಸಾಫ್ಟ್‌ವೇರ್ ಕೇಂದ್ರಗಳ ಸಾಲಿಗೆ ಸೇರಿತು. ಹಳ್ಳಿಯವರು ನಗರಕ್ಕೆ ಬಂದು ನೆಲೆಸುವುದು, ನಗರವೇ ಹಳ್ಳಿಯ ಮೇಲೆ ಹರಡಿಕೊಳ್ಳುವುದು, ಬೆಳೆಯ ಕಾಲ ನೋಡಿಕೊಂಡು ಜನ ಹೋಗಿ ಬರುವುದು ಎಲ್ಲವೂ ಇಲ್ಲಿ ಒಂದೇ ನೆಲದ ಮೇಲೆ ನಡೆದಿವೆ. ಕರ್ನಾಟಕದ ಮಟ್ಟಿಗೂ ಈ ಊರಿನ ಕಥೆ ಹೊರಗಿನದಲ್ಲ. ಕಲಬುರಗಿ, ಯಾದಗಿರಿ, ಬೀದರ್, ರಾಯಚೂರು ಜಿಲ್ಲೆಗಳಿಂದ ಗುಳೆ ಹೋಗುವ ದುಡಿಮೆಗಾರರಿಗೆ ಹೈದರಾಬಾದು ಬೆಂಗಳೂರಿಗಿಂತ ಹತ್ತಿರದ ಮಹಾನಗರ.

ಜನಸಂಖ್ಯೆ ಬದಲಾಗುವ ಬಗೆ

ನಗರವೊಂದರ ಜನಸಂಖ್ಯೆ ಮೂರು ದಾರಿಗಳಲ್ಲಿ ಬೆಳೆಯುತ್ತದೆ. ಮೊದಲನೆಯದು ಸಹಜ ಹೆಚ್ಚಳ, ಅಂದರೆ ಸಾವಿಗಿಂತ ಹುಟ್ಟು ಹೆಚ್ಚಿರುವುದು. ಎರಡನೆಯದು ವಲಸೆ. ಮೂರನೆಯದು ಗಡಿಯ ವಿಸ್ತರಣೆ: ಹಳ್ಳಿಯನ್ನು ನಗರದ ವ್ಯಾಪ್ತಿಗೆ ಸೇರಿಸುವುದು, ಇಲ್ಲವೇ ಹಳ್ಳಿಯ ಲಕ್ಷಣಗಳು ಬದಲಾದಾಗ ಅದನ್ನು ಪಟ್ಟಣವೆಂದು ಎಣಿಸುವುದು. ಭಾರತದ ಜನಗಣತಿಯ ಪ್ರಕಾರ ಒಂದು ಊರಿನಲ್ಲಿ ಕನಿಷ್ಠ 5,000 ಜನ, ಚದರ ಕಿಲೋಮೀಟರಿಗೆ ಕನಿಷ್ಠ 400 ಜನಸಾಂದ್ರತೆ, ದುಡಿಯುವ ಗಂಡಸರಲ್ಲಿ ಕನಿಷ್ಠ ಶೇ. 75ರಷ್ಟು ಮಂದಿ ಕೃಷಿಯೇತರ ಕೆಲಸದಲ್ಲಿರುವುದು ಕಂಡುಬಂದರೆ, ಅಲ್ಲಿ ಪಂಚಾಯಿತಿ ಆಡಳಿತವೇ ಇದ್ದರೂ ಅದು ‘ಜನಗಣತಿ ಪಟ್ಟಣ’. ಇಂಥ ಪಟ್ಟಣಗಳು 2001ರಲ್ಲಿ 1,362 ಇದ್ದವು; 2011ಕ್ಕೆ 3,900ರ ಹತ್ತಿರ ಬಂದವು. ಆ ದಶಕದಲ್ಲಿ ದೇಶದ ನಗರವಾಸಿಗಳ ಹೆಚ್ಚಳದಲ್ಲಿ ಮೂರನೇ ಒಂದು ಭಾಗದಷ್ಟು ಈ ಬಗೆಯ ಮರುವರ್ಗೀಕರಣದಿಂದಲೇ ಬಂತೆಂದು ಅಂದಾಜಿಸಲಾಗಿದೆ. ಆ ಊರುಗಳ ಜನ ಎಲ್ಲಿಗೂ ಹೋಗಲಿಲ್ಲ, ನಗರವೇ ಅವರ ಮನೆ ಬಾಗಿಲಿಗೆ ಬಂತು.

1901ರಲ್ಲಿ ಭಾರತದ ನಗರವಾಸಿಗಳ ಪ್ರಮಾಣ ಶೇ. 11ಕ್ಕಿಂತ ಕಡಿಮೆ ಇತ್ತು. 1951ರಲ್ಲಿ ಅದು ಶೇ. 17ನ್ನು ದಾಟಿತು, 2011ರಲ್ಲಿ ಶೇ. 31ಕ್ಕೆ ಏರಿತು. ಸ್ವಾತಂತ್ರ್ಯಾನಂತರ ಮೊದಲ ಬಾರಿಗೆ 2001–2011ರ ದಶಕದಲ್ಲಿ ನಗರಗಳಿಗೆ ಸೇರಿದ ಹೊಸ ಜನರ ಸಂಖ್ಯೆ ಹಳ್ಳಿಗಳಿಗೆ ಸೇರಿದವರ ಸಂಖ್ಯೆಯನ್ನು ಮೀರಿತು. ಎರಡೂ ಒಂಬತ್ತು ಕೋಟಿಯ ಆಸುಪಾಸಿನವೇ ಆಗಿದ್ದವು. ಕರ್ನಾಟಕದ ನಗರವಾಸಿಗಳ ಪ್ರಮಾಣ 2011ರಲ್ಲಿ ಶೇ. 38.67. ಆದರೆ ಈ ಬೆಳವಣಿಗೆ ರಾಜ್ಯದ ಎಲ್ಲ ಕಡೆ ಸಮನಾಗಿ ಹಂಚಿಹೋಗಿಲ್ಲ. ಅದೇ ದಶಕದಲ್ಲಿ ಬೆಂಗಳೂರು ನಗರ ಜಿಲ್ಲೆಯ ಜನಸಂಖ್ಯೆ ಶೇ. 47ರಷ್ಟು ಹೆಚ್ಚಿ 96 ಲಕ್ಷವಾದರೆ, ಕೊಡಗಿನಲ್ಲಿ ಹೆಚ್ಚಳ ಶೇ. 1ರಷ್ಟಕ್ಕೇ ನಿಂತಿತು, ಚಿಕ್ಕಮಗಳೂರು ಜಿಲ್ಲೆಯಲ್ಲಂತೂ ಜನಸಂಖ್ಯೆ ತುಸು ಇಳಿಯಿತು. ಮಲೆನಾಡಿನ ಮನೆಗಳಲ್ಲಿ ಮಕ್ಕಳ ಸಂಖ್ಯೆ ಇಳಿದದ್ದು, ದೊಡ್ಡವರಾದ ಮಕ್ಕಳು ಬೆಂಗಳೂರು ಸೇರಿದ್ದು ಎರಡೂ ಇದರ ಹಿಂದಿನ ಕಾರಣಗಳು.

ಜರ್ಮನಿಯಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ನೆಲೆಸಿದ ಭೂಗೋಳಜ್ಞ ರಾವೆನ್‌ಸ್ಟೈನ್ 1885ರಲ್ಲಿ ವಲಸೆಯ ನಿಯಮಗಳನ್ನು ಮೊದಲ ಬಾರಿಗೆ ಕ್ರಮವಾಗಿ ಬರೆದಿಟ್ಟರು. ಹೆಚ್ಚಿನ ಜನ ಹತ್ತಿರದ ಊರಿಗೇ ಹೋಗುತ್ತಾರೆ, ಪ್ರತಿ ವಲಸೆಯ ಹೊಳೆಗೂ ಒಂದು ಮರುಹರಿವು ಇರುತ್ತದೆ ಎಂಬ ಅವರ ಎರಡು ಮಾತುಗಳು ದಖ್ಖನಿನಲ್ಲಿ ಈಗಲೂ ನಿಜ. 1954ರಲ್ಲಿ ಆರ್ಥರ್ ಲೂಯಿಸ್ ಕೃಷಿಯಲ್ಲಿ ಹೆಚ್ಚಾಗಿ ಉಳಿದ ದುಡಿಮೆ ಉದ್ಯಮಕ್ಕೆ ಸಾಗುವ ಬಗೆಯನ್ನು ವಿವರಿಸಿದರು. ನಗರದಲ್ಲಿ ನಿರುದ್ಯೋಗ ಇದ್ದಾಗಲೂ ಜನ ಬರುವುದು ನಿಲ್ಲದಿರುವುದೇಕೆ ಎಂಬ ಪ್ರಶ್ನೆಗೆ 1969ರಲ್ಲಿ ಮೈಕೆಲ್ ಟೊಡಾರೊ ಉತ್ತರ ಕೊಟ್ಟರು: ವಲಸಿಗ ಇಂದಿನ ಕೂಲಿಯನ್ನಷ್ಟೇ ನೋಡುವುದಿಲ್ಲ, ಮುಂದೆ ಸಿಗಬಹುದಾದ ಗಳಿಕೆಯ ನಿರೀಕ್ಷೆಯನ್ನೂ ತೂಗಿ ನೋಡುತ್ತಾನೆ. ಕೆಲಸವಿಲ್ಲದೆ ಹಾಸ್ಟೆಲಿನಲ್ಲಿ ತಿಂಗಳುಗಟ್ಟಲೆ ಕೋರ್ಸು ಕಲಿಯುತ್ತ ಕೂರುವ ಎಂಜಿನಿಯರಿಂಗ್ ಪದವೀಧರನಿಗೆ ಈ ಮಾತು ಚೆನ್ನಾಗಿ ಒಪ್ಪುತ್ತದೆ. ಸಾಲದ ಕಂತಿಗಾಗಿ ಹೊರಡುವ ಕೂಲಿಯವನಿಗೆ ಅಷ್ಟಾಗಿ ಒಪ್ಪುವುದಿಲ್ಲ, ಅವನಿಗೆ ನಿರೀಕ್ಷೆಗಿಂತ ಮೊದಲು ಒತ್ತಾಯವಿದೆ.

ಹೈದರಾಬಾದಿಗೆ ಬಂದ ಜನ

1591ರಲ್ಲಿ ಮುಹಮ್ಮದ್ ಕುಲಿ ಕುತುಬ್ ಷಾಹ್ ಕಟ್ಟಿಸಿದ ಹೈದರಾಬಾದು ಮೊದಲಿನಿಂದಲೂ ಹೊರಗಿನಿಂದ ಬಂದವರ ನಗರ. ಪರ್ಷಿಯಾದ ಅಧಿಕಾರಿಗಳು, ಅರಬ್ ಸಿಪಾಯಿಗಳು, ಉತ್ತರ ಭಾರತದ ಕಾಯಸ್ಥರು, ಮಾರವಾಡಿ ವ್ಯಾಪಾರಿಗಳು ಆಸಫ್‌ಜಾಹಿ ನಿಜಾಮರ ಆಳ್ವಿಕೆಯ ಕೊನೆಯವರೆಗೂ ಬರುತ್ತಲೇ ಇದ್ದರು. ಸಾಮಾನ್ಯ ಜನರ ಓಡಾಟಕ್ಕೆ ದಾರಿ ತೆರೆದದ್ದು ಮಾತ್ರ ರೈಲು. ಮುಂಬಯಿ–ಮದ್ರಾಸು ಮಾರ್ಗದ ಮೇಲಿದ್ದ ವಾಡಿಯಿಂದ ಸಿಕಂದರಾಬಾದಿನವರೆಗೆ ನಿಜಾಮರ ರೈಲು ಮಾರ್ಗ 1874ರಲ್ಲಿ ತೆರೆಯಿತು. ವಾಡಿ ಇಂದಿನ ಕಲಬುರಗಿ ಜಿಲ್ಲೆಯಲ್ಲಿದೆ. ತಾಂಡೂರು, ವಿಕಾರಾಬಾದುಗಳನ್ನು ಹಾದು ಬರುವ ಆ ಹಳಿ ಹೈದರಾಬಾದನ್ನು ಪ್ರವೇಶಿಸುವುದು ಲಿಂಗಂಪಲ್ಲಿಯ ಕಡೆಯಿಂದ, ಅಂದರೆ ಮಾದಾಪುರದ ಮಗ್ಗುಲಿನಿಂದ. ಕನ್ನಡ ಜಿಲ್ಲೆಗಳ ಕೂಲಿಕಾರರು ಇಂದಿಗೂ ಬಹುಮಟ್ಟಿಗೆ ಇದೇ ಹಳಿಯ ಮೇಲೆ ಬರುತ್ತಾರೆ. ಮಾದಾಪುರದ ಸಾಫ್ಟ್‌ವೇರ್ ನೆಲೆಯಾದ ಹೈಟೆಕ್ ಸಿಟಿಯ ಸ್ಥಳೀಯ ರೈಲು ನಿಲ್ದಾಣವೂ ಇದೇ ಹಳಿಯ ಮೇಲಿದೆ.

ಕಳೆದ ಶತಮಾನದ ಮೊದಲ ಎರಡು ದಶಕ ನಗರಕ್ಕೆ ಕೆಟ್ಟವು. 1908ರ ಸೆಪ್ಟೆಂಬರಿನಲ್ಲಿ ಮೂಸಿ ನದಿಯ ಪ್ರವಾಹ ಸಾವಿರಾರು ಜನರನ್ನು ಬಲಿ ತೆಗೆದುಕೊಂಡಿತು, ಆಮೇಲೆ ಪ್ಲೇಗು, 1918ರಲ್ಲಿ ಇನ್‌ಫ್ಲುಯೆಂಜಾ ಬಂದವು. 1911ರಲ್ಲಿ 5 ಲಕ್ಷದಷ್ಟಿದ್ದ ಜನಸಂಖ್ಯೆ 1921ರಲ್ಲಿ 4 ಲಕ್ಷದ ಹತ್ತಿರಕ್ಕೆ ಇಳಿಯಿತು. ಆ ದಶಕದಲ್ಲಿ ಇಡೀ ಭಾರತದ ಜನಸಂಖ್ಯೆಯೂ ಕುಗ್ಗಿತ್ತು. ಅಲ್ಲಿಂದ ಏರಿಕೆ ನಿಲ್ಲಲಿಲ್ಲ. 1951ರ ಹೊತ್ತಿಗೆ ಹೈದರಾಬಾದು 10 ಲಕ್ಷದ ಗಡಿ ದಾಟಿತ್ತು.

ಇದೇ ಕಾಲದಲ್ಲಿ, ನಿಜಾಮರ ಸಂಸ್ಥಾನಕ್ಕೆ ಸೇರಿದ್ದ ಕಲಬುರಗಿ, ರಾಯಚೂರು, ಬೀದರ್ ಜಿಲ್ಲೆಗಳ ಕನ್ನಡಿಗರಿಗೆ ಹೈದರಾಬಾದು ಪರರಾಜ್ಯದ ಊರಲ್ಲ, ತಮ್ಮದೇ ರಾಜಧಾನಿ. ಓದಲು 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯ, ನೌಕರಿಗೆ ನಿಜಾಮರ ಕಚೇರಿಗಳು, ವ್ಯಾಜ್ಯಕ್ಕೆ ಅಲ್ಲಿನ ಹೈಕೋರ್ಟು. ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರ, ನೃಪತುಂಗ ಶಾಲೆ ಈ ನೆಲೆಸಿದ ಕನ್ನಡ ಸಮಾಜದ ಗುರುತುಗಳಾಗಿ ಉಳಿದಿವೆ. 1956ರ ನವೆಂಬರ್ 1ರಂದು ಹೈದರಾಬಾದ್ ಸಂಸ್ಥಾನದ ಪ್ರದೇಶ ಮೂರು ರಾಜ್ಯಗಳಿಗೆ ಹಂಚಿಹೋಯಿತು. ಕನ್ನಡ ಜಿಲ್ಲೆಗಳ ಓದಿದವರ ದಾರಿ ಕ್ರಮೇಣ ಬೆಂಗಳೂರು, ಧಾರವಾಡಗಳತ್ತ ತಿರುಗಿತು, 1980ರಲ್ಲಿ ಕಲಬುರಗಿಗೇ ವಿಶ್ವವಿದ್ಯಾಲಯ ಬಂತು. ಕೂಲಿಯವರ ದಾರಿ ತಿರುಗಲಿಲ್ಲ. ರಾಜ್ಯದ ಗಡಿ ಅವರಿಗೆ ದೂರವನ್ನು ಬದಲಿಸಿರಲಿಲ್ಲ: ಬೀದರಿನಿಂದ ಹೈದರಾಬಾದು 150 ಕಿಲೋಮೀಟರಿನೊಳಗೆ ಸಿಗುತ್ತದೆ, ಬೆಂಗಳೂರಿಗೆ ಏಳುನೂರರ ಆಸುಪಾಸು. ಭಾಷಾವಾರು ರಾಜ್ಯ ರಚನೆಯ ಚರಿತ್ರೆ ಬರೆಯುವವರು ಕಚೇರಿ, ಕಾಲೇಜುಗಳ ಸ್ಥಳಾಂತರವನ್ನು ಗಮನಿಸಿದಷ್ಟು ಈ ಸಂಗತಿಯನ್ನು ಗಮನಿಸಿಲ್ಲ.

ವಲಸೆ ಬಂದವರಿಗೂ ಮೂಲ ನಿವಾಸಿಗಳಿಗೂ ನೌಕರಿಯ ವಿಷಯದಲ್ಲಿ ಜಗಳ ಹೈದರಾಬಾದಿಗೆ ಹೊಸದಲ್ಲ. 1919ರ ಮುಲ್ಕಿ ನಿಯಮಗಳ ಪ್ರಕಾರ ಸಂಸ್ಥಾನದ ನೌಕರಿ ಪಡೆಯಲು ಹೊರಗಿನವರು 15 ವರ್ಷ ಅಲ್ಲಿ ನೆಲೆಸಿರಬೇಕಿತ್ತು. 1952ರ ಮುಲ್ಕಿ ಚಳವಳಿ, 1969ರ ತೆಲಂಗಾಣ ಹೋರಾಟ, 2014ರ ಜೂನ್ 2ರಂದು ತೆಲಂಗಾಣ ರಾಜ್ಯವಾದದ್ದು ಈ ಮೂರರ ಹಿಂದೆಯೂ ಕರಾವಳಿ ಆಂಧ್ರ, ರಾಯಲಸೀಮೆಗಳಿಂದ ಬಂದವರ ಬಗೆಗಿನ ಅಸಮಾಧಾನ ಒಂದು ಎಳೆಯಾಗಿ ಇತ್ತು.

1960ರ ದಶಕದಲ್ಲಿ ಸಾರ್ವಜನಿಕ ವಲಯದ ಕಾರ್ಖಾನೆಗಳು ನಗರದ ಹೊರವಲಯದಲ್ಲಿ ತಲೆಯೆತ್ತಿದವು. ಬಾಲಾನಗರದಲ್ಲಿ ಔಷಧ ಕಾರ್ಖಾನೆ ಐಡಿಪಿಎಲ್, ರಾಮಚಂದ್ರಾಪುರದಲ್ಲಿ ಬಿಎಚ್‌ಇಎಲ್, ಪೂರ್ವಕ್ಕೆ ಇಸಿಐಎಲ್ ಬಂದವು. 1974ರಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯ ಸ್ಥಾಪನೆಯಾಗಿ, ಗಚ್ಚಿಬೌಲಿಯ ವಿಶಾಲ ಬಯಲು ಅದರ ಆವರಣವಾಯಿತು. ಸಾಫ್ಟ್‌ವೇರ್ ಬರುವ ಮೊದಲೇ ಪಶ್ಚಿಮದ ಹಳ್ಳಿಗಳಿಗೆ ಸಂಬಳದ ಜನ ಹೀಗೆ ಪರಿಚಯವಾಗಿದ್ದರು. 1978ರಲ್ಲಿ ಹೈದರಾಬಾದ್ ಜಿಲ್ಲೆಯ ಗ್ರಾಮೀಣ ಭಾಗವನ್ನು ಬೇರ್ಪಡಿಸಿ ರಂಗಾರೆಡ್ಡಿ ಜಿಲ್ಲೆಯನ್ನು ಮಾಡಲಾಯಿತು. ಮಾದಾಪುರ ಆ ಗ್ರಾಮೀಣ ಜಿಲ್ಲೆಯ ಪಾಲಿಗೆ ಹೋಯಿತು.

ಮಾದಾಪುರ ನಗರವಾದದ್ದು

ದುರ್ಗಂ ಚೆರುವು ಕುತುಬ್‌ಷಾಹಿಗಳ ಕಾಲದಲ್ಲಿ ಗೋಲ್ಕೊಂಡ ಕೋಟೆಗೆ ನೀರು ಒದಗಿಸಿದ ಕೆರೆ. ಸುತ್ತಲಿನ ಬಂಡೆಗಳ ಮರೆಯಲ್ಲಿದ್ದ ಕಾರಣ ಅದಕ್ಕೆ ‘ಗುಪ್ತ ಕೆರೆ’ ಎಂಬ ಹೆಸರೂ ಇತ್ತು. 1990ರ ದಶಕದ ಆರಂಭದಲ್ಲಿ ಸರ್ಕಾರ ಇಲ್ಲಿ ಶಿಲ್ಪಾರಾಮಂ ಎಂಬ ಕರಕುಶಲ ಗ್ರಾಮವನ್ನು ಸ್ಥಾಪಿಸಿದಾಗ ಅದು ಊರ ಹೊರಗಿನ ವಿಹಾರದ ತಾಣ. ಐದಾರು ವರ್ಷಗಳಲ್ಲಿ ಎಲ್ಲ ಬದಲಾಯಿತು. ಚಂದ್ರಬಾಬು ನಾಯ್ಡು ಮುಖ್ಯಮಂತ್ರಿಯಾಗಿದ್ದಾಗ, ರಾಜ್ಯದ ಕೈಗಾರಿಕಾ ಮೂಲಸೌಕರ್ಯ ನಿಗಮ ಮತ್ತು ಎಲ್ ಆ್ಯಂಡ್ ಟಿ ಸೇರಿ ಕಟ್ಟಿದ ಹತ್ತು ಅಂತಸ್ತಿನ ಸೈಬರ್ ಟವರ್ಸ್ ಕಟ್ಟಡವನ್ನು 1998ರ ನವೆಂಬರ್ 22ರಂದು ಪ್ರಧಾನಿ ಅಟಲ್ ಬಿಹಾರಿ ವಾಜಪೇಯಿ ಉದ್ಘಾಟಿಸಿದರು. 2001ರಲ್ಲಿ ಈ ಪಶ್ಚಿಮ ಭಾಗಕ್ಕಾಗಿ ಸೈಬರಾಬಾದ್ ಅಭಿವೃದ್ಧಿ ಪ್ರಾಧಿಕಾರ, 2003ರಲ್ಲಿ ಪ್ರತ್ಯೇಕ ಪೊಲೀಸ್ ಕಮಿಷನರೇಟ್, ಅದೇ ವರ್ಷ ಎಂಎಂಟಿಎಸ್ ಸ್ಥಳೀಯ ರೈಲು ಬಂದವು. 2007ರ ಏಪ್ರಿಲಿನಲ್ಲಿ ಹನ್ನೆರಡು ಪುರಸಭೆಗಳನ್ನೂ ಎಂಟು ಗ್ರಾಮ ಪಂಚಾಯಿತಿಗಳನ್ನೂ ಹಳೆಯ ನಗರಪಾಲಿಕೆಗೆ ಸೇರಿಸಿ ಬೃಹತ್ ಹೈದರಾಬಾದ್ ಮಹಾನಗರ ಪಾಲಿಕೆ ರಚನೆಯಾಯಿತು. ಶೇರಿಲಿಂಗಂಪಲ್ಲಿ ಪುರಸಭೆಯೂ ಅದರಲ್ಲಿ ಕರಗಿತು. ಮೆಟ್ರೊ ರೈಲು 2019ರ ಮಾರ್ಚಿನಲ್ಲಿ ಹೈಟೆಕ್ ಸಿಟಿಯನ್ನು, ನವೆಂಬರಿನಲ್ಲಿ ರಾಯದುರ್ಗವನ್ನು ಮುಟ್ಟಿತು. 2020ರ ಸೆಪ್ಟೆಂಬರಿನಲ್ಲಿ ದುರ್ಗಂ ಚೆರುವಿನ ಮೇಲೆ ತೂಗುಹಗ್ಗಗಳ ಸೇತುವೆ ತೆರೆಯಿತು.

ಜನಗಣತಿಯ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟರೆ ಈ ಕಾಲದ ಬದಲಾವಣೆ ಪೂರ್ತಿ ಕಾಣುತ್ತದೆ. 2001ರಿಂದ 2011ರವರೆಗೆ ಹಳೆಯ ನಗರವೇ ಬಹುಪಾಲು ಇರುವ ಹೈದರಾಬಾದ್ ಜಿಲ್ಲೆಯ ಜನಸಂಖ್ಯೆ ಶೇ. 3ರಷ್ಟು ಮಾತ್ರ ಹೆಚ್ಚಿತು. ಅದನ್ನು ಸುತ್ತುವರಿದ ರಂಗಾರೆಡ್ಡಿ ಜಿಲ್ಲೆಯ ಜನಸಂಖ್ಯೆ ಸುಮಾರು 36 ಲಕ್ಷದಿಂದ 53 ಲಕ್ಷಕ್ಕೆ, ಅಂದರೆ ಶೇ. 48ರಷ್ಟು ಏರಿತು. ನಗರ ತನ್ನ ಮಧ್ಯದಲ್ಲಿ ಬೆಳೆಯುವುದನ್ನು ನಿಲ್ಲಿಸಿ ಅಂಚಿನಲ್ಲಿ ಬೆಳೆಯತೊಡಗಿತ್ತು. ಇಡೀ ಮಹಾನಗರ ಸಮೂಹದ ಜನಸಂಖ್ಯೆ 2011ರಲ್ಲಿ ಸುಮಾರು 77 ಲಕ್ಷ. ರಾಜ್ಯ ಸರ್ಕಾರದ ವಾರ್ಷಿಕ ವರದಿಗಳ ಪ್ರಕಾರ ತೆಲಂಗಾಣದ ಮಾಹಿತಿ ತಂತ್ರಜ್ಞಾನ ಉದ್ಯೋಗಿಗಳ ಸಂಖ್ಯೆ 2013–14ರಲ್ಲಿ 3.23 ಲಕ್ಷ ಇದ್ದದ್ದು 2022–23ರಲ್ಲಿ 9 ಲಕ್ಷ ದಾಟಿತು. ಈ ಉದ್ಯೋಗಗಳ ಬಹುಭಾಗ ಮಾದಾಪುರದಿಂದ ಗಚ್ಚಿಬೌಲಿಯವರೆಗಿನ ಪಟ್ಟಿಯಲ್ಲೇ ಇದೆ.

ಮೂಲ ಗ್ರಾಮಸ್ಥರ ಪಾಡು ಒಂದೇ ತೆರನಾಗಲಿಲ್ಲ. ಪಟ್ಟಾ ಭೂಮಿ ಇದ್ದು, ಮಾರಲು ಕಾದವರು ಸ್ಥಿತಿವಂತರಾದರು, ಕಟ್ಟಡ ಕಟ್ಟಿ ಬಾಡಿಗೆಯ ಮೇಲೆ ಬದುಕಿದರು. ಮೊದಲೇ ಮಾರಿದವರಿಗೆ, ಸರ್ಕಾರದ ಸ್ವಾಧೀನಕ್ಕೆ ಭೂಮಿ ಕೊಟ್ಟವರಿಗೆ ಆಮೇಲಿನ ಬೆಲೆಯ ಏರಿಕೆಯಲ್ಲಿ ಪಾಲು ಸಿಗಲಿಲ್ಲ. ಭೂಮಿಯೇ ಇಲ್ಲದೆ ಹೊಲದ ಕೂಲಿ ನಂಬಿದ್ದವರಿಗೆ ಹೊಲದೊಂದಿಗೆ ಕೂಲಿಯೂ ಹೋಯಿತು, ಕಚೇರಿಗಳ ಕಾವಲು, ಕಸ ಗುಡಿಸುವ ಕೆಲಸ ಅವರ ಪಾಲಿಗೆ ಬಂದವು. ಹೆಜ್ಜೆ ಎತ್ತದೆಯೇ ವಲಸಿಗರಾದ ಇವರು ಯಾವ ವಲಸೆಯ ಪಟ್ಟಿಯಲ್ಲೂ ಇಲ್ಲ.

ಹೊರಗಿನಿಂದ ಬಂದವರಲ್ಲಿ ಕಣ್ಣಿಗೆ ಮೊದಲು ಬೀಳುವವರು ಓದಿದ ಯುವಜನ. ಗುಂಟೂರು, ಕೃಷ್ಣಾ, ಗೋದಾವರಿ ಜಿಲ್ಲೆಗಳ, ವರಂಗಲ್, ಕರೀಂನಗರಗಳ ಪದವೀಧರರು ಅಮೀರ್‌ಪೇಟೆಯ ತರಬೇತಿ ಕೇಂದ್ರಗಳಲ್ಲಿ ಕೋರ್ಸು ಮುಗಿಸಿ ಮಾದಾಪುರದ ಕಚೇರಿಗಳಿಗೆ ಬರುವುದು ಎರಡು ದಶಕಗಳಿಂದ ನಡೆದಿದೆ. ಕಲಬುರಗಿ, ಬೀದರಿನ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಓದಿದವರೂ ಬೆಂಗಳೂರಿನಷ್ಟೇ ಸಲೀಸಾಗಿ ಇತ್ತ ಬರುತ್ತಾರೆ. ಇವರಿಗಾಗಿ ಅಯ್ಯಪ್ಪ ಸೊಸೈಟಿಯಂಥ ಬಡಾವಣೆಗಳ ಮನೆಗಳು ಒಂದರ ಹಿಂದೊಂದು ಪಿ.ಜಿ. ಹಾಸ್ಟೆಲುಗಳಾದವು. ಒಂದು ಕೋಣೆಯಲ್ಲಿ ಇಬ್ಬರು, ಮೂವರು, ನಾಲ್ವರು ಎಂಬ ಲೆಕ್ಕದ ಮೇಲೆ ಬಾಡಿಗೆ ನಿಗದಿಯಾಗುತ್ತದೆ. ಮನೆಯವರ ಜೊತೆಗಲ್ಲದೆ, ಮದುವೆಯ ಕಾರಣಕ್ಕೂ ಅಲ್ಲದೆ, ನೌಕರಿಗಾಗಿಯೇ ಊರು ಬಿಟ್ಟ ಹೆಣ್ಣುಮಕ್ಕಳು ಇಷ್ಟು ದೊಡ್ಡ ಸಂಖ್ಯೆಯಲ್ಲಿ ಇರುವುದು ಇಂಥ ಜಾಗಗಳ ವಿಶೇಷ. 2011ರ ಜನಗಣತಿ ದಾಖಲಿಸಿದ 45 ಕೋಟಿಗೂ ಹೆಚ್ಚು ವಲಸಿಗರಲ್ಲಿ ಶೇ. 46ರಷ್ಟು ಮಂದಿ ಮದುವೆಯ ಕಾರಣಕ್ಕೆ ಊರು ಬದಲಿಸಿದವರು, ಬಹುತೇಕ ಎಲ್ಲರೂ ಹೆಂಗಸರು. ಕೆಲಸಕ್ಕಾಗಿ ಹೋದವರು ಶೇ. 10ರಷ್ಟು ಮಾತ್ರ. ಮಾದಾಪುರದ ಹಾಸ್ಟೆಲುಗಳ ಹುಡುಗಿಯರು ಈ ಹಳೆಯ ಲೆಕ್ಕಾಚಾರವನ್ನು ನಿಧಾನವಾಗಿ ಬದಲಿಸುತ್ತಿದ್ದಾರೆ.

ಗುಳೆ

ಕಟ್ಟಡಗಳನ್ನು ಕಟ್ಟಿದವರು ಬೇರೆ ಜನ. ಪಕ್ಕದ ಮಹಬೂಬ್‌ನಗರ ಜಿಲ್ಲೆಯಿಂದ ಅಣೆಕಟ್ಟೆ, ರಸ್ತೆ, ಕಾಲುವೆಗಳ ಕೆಲಸಕ್ಕೆ ದೇಶದುದ್ದಕ್ಕೂ ಹೋಗುವ ‘ಪಾಲಮೂರು ಕೂಲಿ’ಗಳು ದಶಕಗಳಿಂದ ಪ್ರಸಿದ್ಧರು. ಅದೇ ಒಣ ಪಟ್ಟಿ ನಾರಾಯಣಪೇಟೆ, ಮಕ್ತಲ್, ಕೃಷ್ಣಾ ಮಂಡಲಗಳ ಕನ್ನಡ ಹಳ್ಳಿಗಳನ್ನು ಹಾದು, ಗಡಿ ದಾಟಿ ಯಾದಗಿರಿ, ರಾಯಚೂರು, ಕಲಬುರಗಿಗಳವರೆಗೆ ಹಬ್ಬಿದೆ. ಇಲ್ಲಿನ ಕೃಷಿ ಹೆಚ್ಚಾಗಿ ಮಳೆಯಾಶ್ರಿತ. ತೊಗರಿಯ ಕಣಜವೆನಿಸಿದ ಕಲಬುರಗಿಯಲ್ಲಿ ಮುಂಗಾರಿಗೆ ಬಿತ್ತಿದ ತೊಗರಿ ಡಿಸೆಂಬರ್–ಜನವರಿಯಲ್ಲಿ ರಾಶಿಯಾಗುತ್ತದೆ. ಎಳ್ಳಮವಾಸ್ಯೆಯ ಚರಗ ಚೆಲ್ಲಿ, ರಾಶಿ ಮುಗಿಸಿದ ಮೇಲೆ ಹೊಲದಲ್ಲಿ ಕೆಲಸವಿಲ್ಲ, ಮುಂದಿನ ಮಿರಗದ ಮಳೆಯವರೆಗೆ ಮನೆ ನಡೆಸಲು ದುಡ್ಡಿಲ್ಲ. ಆಗ ಕುಟುಂಬಗಳು ಹೊರಡುತ್ತವೆ. ಬರ ಬಿದ್ದ ವರ್ಷ ರಾಶಿಗೂ ಕಾಯುವುದಿಲ್ಲ.

ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಕೊಟ್ಟ ವರದಿ ರಾಜ್ಯದ 114 ತಾಲ್ಲೂಕುಗಳನ್ನು ಹಿಂದುಳಿದವೆಂದು, ಅವುಗಳಲ್ಲಿ 39ನ್ನು ಅತ್ಯಂತ ಹಿಂದುಳಿದವೆಂದು ಗುರುತಿಸಿತು. ಆ 39ರಲ್ಲಿ 21 ಕಲಬುರಗಿ ವಿಭಾಗದವು. ಸಂವಿಧಾನದ 371(ಜೆ) ಕಲಮಿನ ವಿಶೇಷ ಸ್ಥಾನಮಾನ ಬಂದದ್ದು, 2019ರಲ್ಲಿ ಈ ಪ್ರದೇಶಕ್ಕೆ ಕಲ್ಯಾಣ ಕರ್ನಾಟಕ ಎಂಬ ಹೆಸರಿಟ್ಟದ್ದು ಇದರ ಮುಂದುವರಿಕೆ. ಆ ಸ್ಥಾನಮಾನ ತಂದ ಮೀಸಲಾತಿಯಿಂದ ಓದಿದವರಿಗೆ ಪ್ರಯೋಜನವಾಗಿದೆ. ಗುಳೆ ಹೋಗುವ ಮನೆಗಳ ಮಕ್ಕಳು ಆ ಮೀಸಲಾತಿ ಬಳಸಿಕೊಳ್ಳುವಷ್ಟು ಓದಿನ ಮೆಟ್ಟಿಲು ಹತ್ತುವುದು ಇನ್ನೂ ಅಪರೂಪ.

ಗುಳೆಯ ವ್ಯವಸ್ಥೆ ನಿಂತಿರುವುದು ಮೇಸ್ತ್ರಿಯ ಮೇಲೆ. ಅವನು ಬಹುಸಲ ಅದೇ ಊರಿನವನು, ಇಲ್ಲವೇ ಪಕ್ಕದ ಲಂಬಾಣಿ ತಾಂಡಾದವನು. ಮದುವೆಗೆ, ಆಸ್ಪತ್ರೆಗೆ, ಹಳೆಯ ಸಾಲಕ್ಕೆ ಹಣ ಬೇಕಾದಾಗ ಮುಂಗಡ ಕೊಡುತ್ತಾನೆ. ಕೊಟ್ಟ ಹಣ ದುಡಿಮೆಯಲ್ಲಿ ತೀರಬೇಕು. ಗುತ್ತೇದಾರನಿಂದ ಅವನಿಗೆ ತಲೆಗಿಷ್ಟು ಎಂಬ ದಲ್ಲಾಳಿ ಹಣ ಸಿಗುತ್ತದೆ. ಗಂಡ–ಹೆಂಡತಿ ಇಬ್ಬರನ್ನೂ ಸೇರಿಸಿ ‘ಒಂದು ಜೋಡಿ’ ಎಂದು ಎಣಿಸುವುದು ರೂಢಿ. ಗಂಡಸರು ಸೆಂಟ್ರಿಂಗ್, ಕಬ್ಬಿಣ ಕಟ್ಟುವುದು, ಗಾರೆ ಕೆಲಸಕ್ಕೆ, ಹೆಂಗಸರು ಮಣ್ಣು, ಇಟ್ಟಿಗೆ, ಕಾಂಕ್ರೀಟು ಹೊರುವುದಕ್ಕೆ ನಿಲ್ಲುತ್ತಾರೆ. ಹೆಣ್ಣಾಳಿನ ಕೂಲಿ ಗಂಡಾಳಿಗಿಂತ ಕಡಿಮೆ. ಕಟ್ಟುತ್ತಿರುವ ಕಟ್ಟಡದ ಪಕ್ಕದಲ್ಲೇ ತಗಡು, ಟಾರ್ಪಾಲಿನ ಜೋಪಡಿಗಳಲ್ಲಿ ವಾಸ. ಮೇಸ್ತ್ರಿಯ ಹಂಗಿಲ್ಲದೆ ಬಂದವರು ಬೆಳಗಿನ ಜಾವ ಬುತ್ತಿ ಕಟ್ಟಿಕೊಂಡು ಅಡ್ಡಾಗಳಲ್ಲಿ ನಿಂತು ಆ ದಿನದ ಕೆಲಸಕ್ಕಾಗಿ ಕಾಯುತ್ತಾರೆ. ಕೆಲವು ಕುಟುಂಬಗಳು ಹಲವು ವರ್ಷಗಳ ಓಡಾಟದ ನಂತರ ಅಪಾರ್ಟ್‌ಮೆಂಟಿನ ವಾಚ್‌ಮನ್ ಕೋಣೆಯಲ್ಲಿ ನೆಲೆ ಕಾಣುತ್ತವೆ: ಗಂಡ ಕಾವಲು, ಹೆಂಡತಿ ನಾಲ್ಕಾರು ಮನೆಗಳ ಪಾತ್ರೆ–ಬಟ್ಟೆ.

ಮಹಾತ್ಮ ಗಾಂಧಿ ಉದ್ಯೋಗ ಖಾತರಿ ಯೋಜನೆ 2006ರ ಫೆಬ್ರವರಿಯಲ್ಲಿ ಆರಂಭವಾದಾಗ ಕರ್ನಾಟಕದ ಐದು ಜಿಲ್ಲೆಗಳನ್ನು ಮೊದಲ ಹಂತಕ್ಕೆ ಆರಿಸಲಾಗಿತ್ತು. ಬೀದರ್, ಕಲಬುರಗಿ, ರಾಯಚೂರು ಅವುಗಳಲ್ಲಿ ಮೂರು. ವರ್ಷಕ್ಕೆ ನೂರು ದಿನದ ಕೆಲಸ ಊರಲ್ಲೇ ಸಿಕ್ಕರೆ ಗುಳೆ ತಗ್ಗುತ್ತದೆಂಬುದು ಅದರ ಹಿಂದಿನ ಆಲೋಚನೆಯಾಗಿತ್ತು. ಮುದುಕರಿಗೆ, ಎಳೆಗೂಸಿನ ತಾಯಂದಿರಿಗೆ ಅದು ಆಸರೆಯಾದದ್ದು ನಿಜ. ಆದರೆ 2024–25ರಲ್ಲಿ ಕರ್ನಾಟಕದಲ್ಲಿ ಅದರ ದಿನಗೂಲಿ 349 ರೂಪಾಯಿ ಇತ್ತು. ಹೈದರಾಬಾದಿನ ಗಾರೆ ಕೆಲಸದ ಕೂಲಿ ಅದಕ್ಕಿಂತ ಬಹಳ ಹೆಚ್ಚು, ಅದೂ ವಾರಕ್ಕೊಮ್ಮೆ ಕೈಗೆ ಬರುವ ಹಣ. ಮುಂಗಡ ಕೊಡುವ ಮೇಸ್ತ್ರಿಯ ಜಾಗವನ್ನು ತುಂಬುವಂಥದ್ದು ಯೋಜನೆಯಲ್ಲಿ ಏನೂ ಇರಲಿಲ್ಲ. ಊರು ಬಿಡಿಸುವುದು ಬರಿಯ ಕೆಲಸದ ಕೊರತೆಯಲ್ಲ, ಒಮ್ಮೆಗೇ ಬೇಕಾಗುವ ದೊಡ್ಡ ಮೊತ್ತ ಎಂಬುದನ್ನು ಬಿಟ್ಟು ಗುಳೆಯ ಲೆಕ್ಕ ಬಿಡಿಸಲಾಗದು.

ಹಕ್ಕುಗಳು ಗಡಿ ದಾಟದ ಬಗೆ

ವಲಸೆಗಾರನ ಹಕ್ಕುಗಳು ಬಹುಪಾಲು ಅವನ ಊರಿನ ವಿಳಾಸಕ್ಕೆ ಅಂಟಿಕೊಂಡಿವೆ. ಇದಕ್ಕೆ ಲಂಬಾಣಿಗರ ಸ್ಥಿತಿಗಿಂತ ಸ್ಪಷ್ಟ ನಿದರ್ಶನ ಸಿಗುವುದು ಕಷ್ಟ. ಕಲ್ಯಾಣ ಕರ್ನಾಟಕದಿಂದ ಗುಳೆ ಹೋಗುವವರಲ್ಲಿ ತಾಂಡಾಗಳ ಜನ ದೊಡ್ಡ ಪಾಲು. ಒಂದೇ ಭಾಷೆ, ಒಂದೇ ಕುಲ, ಗಡಿಯ ಎರಡೂ ಕಡೆ ನೆಂಟಸ್ತನ. ಆದರೆ ಕರ್ನಾಟಕದಲ್ಲಿ ಅವರು ಪರಿಶಿಷ್ಟ ಜಾತಿ, ತೆಲಂಗಾಣದಲ್ಲಿ ಪರಿಶಿಷ್ಟ ಪಂಗಡ, ಮಹಾರಾಷ್ಟ್ರದಲ್ಲಿ ವಿಮುಕ್ತ ಅಲೆಮಾರಿಗಳ ಪಟ್ಟಿಯವರು. ಕಲಬುರಗಿಯ ತಾಂಡಾದಿಂದ ಬಂದು ಹೈದರಾಬಾದಿನಲ್ಲಿ ಇಪ್ಪತ್ತು ವರ್ಷ ದುಡಿದವನಿಗೆ ಅಲ್ಲಿನ ಮೀಸಲಾತಿಯಲ್ಲಿ ಪಾಲಿಲ್ಲ, ಏಕೆಂದರೆ ಜಾತಿ ಪ್ರಮಾಣಪತ್ರದ ಬಲ ಮೂಲ ರಾಜ್ಯದೊಳಗೆ ಮಾತ್ರ.

ಅಂತರರಾಜ್ಯ ವಲಸೆ ಕಾರ್ಮಿಕರ ಕಾಯಿದೆ 1979ರಲ್ಲೇ ಬಂತು. ಗುತ್ತೇದಾರರ ನೋಂದಣಿ, ಸಮಾನ ಕೂಲಿ, ಊರಿಗೆ ಹೋಗಿಬರುವ ಖರ್ಚು ಎಲ್ಲ ಅದರಲ್ಲಿ ಬರೆದಿತ್ತು. ಮಾತಿನ ಒಪ್ಪಂದದ ಮೇಲೆ ನಡೆಯುವ ಗುಳೆಯನ್ನು ಅದು ಮುಟ್ಟಲೇ ಇಲ್ಲವೆನ್ನಬೇಕು. 1996ರ ಕಟ್ಟಡ ಕಾರ್ಮಿಕರ ಕಾಯಿದೆ ಕಲ್ಯಾಣ ಮಂಡಳಿಗಳನ್ನು ರಚಿಸಿತು, ಕಾರ್ಡು ಮಾಡಿಸಿಕೊಂಡವರಿಗೆ ಅಪಘಾತ ಪರಿಹಾರ, ಮಕ್ಕಳಿಗೆ ಸಹಾಯಧನ ಸಿಗುತ್ತವೆ. ಇವೆಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದದ್ದು ಪಡಿತರದ ಬದಲಾವಣೆ. ಒಂದು ದೇಶ ಒಂದು ಪಡಿತರ ಚೀಟಿ ಯೋಜನೆ 2019ರ ಆಗಸ್ಟಿನಲ್ಲಿ ತೆಲಂಗಾಣ–ಆಂಧ್ರ, ಗುಜರಾತ್–ಮಹಾರಾಷ್ಟ್ರ ಜೋಡಿಗಳಲ್ಲಿ ಆರಂಭವಾಗಿ, 2020ರ ಜನವರಿಯಲ್ಲಿ ಕರ್ನಾಟಕಕ್ಕೂ, 2022ರ ಮಧ್ಯದ ಹೊತ್ತಿಗೆ ಇಡೀ ದೇಶಕ್ಕೂ ಹಬ್ಬಿತು. ಊರಿನ ಕಾರ್ಡಿನ ಮೇಲೆ ಹೈದರಾಬಾದಿನಲ್ಲಿ ಅಕ್ಕಿ ಪಡೆಯುವುದು ಈಗ ಸಾಧ್ಯ. ಮತದ ಹಕ್ಕಿಗೆ ಅಂಥ ಏರ್ಪಾಡು ಇಲ್ಲ. ಪಂಚಾಯಿತಿ ಚುನಾವಣೆ ಬಂದಾಗ ಅಭ್ಯರ್ಥಿಗಳು ಗಾಡಿ ಮಾಡಿಸಿ ಗುಳೆ ಹೋದವರನ್ನು ಕರೆಸಿಕೊಳ್ಳುವುದು ಗಡಿ ತಾಲ್ಲೂಕುಗಳಲ್ಲಿ ಮಾಮೂಲು.

ಎಲ್ಲಕ್ಕಿಂತ ದೊಡ್ಡ ಪೆಟ್ಟು ಮಕ್ಕಳಿಗೆ. ಗುಳೆಯ ಕಾಲ ಶಾಲೆಯ ಕೊನೆಯ ಅವಧಿಯೊಂದಿಗೆ, ವಾರ್ಷಿಕ ಪರೀಕ್ಷೆಯೊಂದಿಗೆ ತಾಳೆಯಾಗುತ್ತದೆ. ಕನ್ನಡದಲ್ಲಿ ಅಕ್ಷರ ಕಲಿತ ಮಗುವಿಗೆ ಮಾದಾಪುರದ ಸುತ್ತಲಿನ ಸರ್ಕಾರಿ ಶಾಲೆಯಲ್ಲಿ ಸಿಗುವುದು ತೆಲುಗು, ಉರ್ದು ಇಲ್ಲವೇ ಇಂಗ್ಲಿಷ್ ಮಾಧ್ಯಮ. ಕನ್ನಡ ಕಲಿಸುವ ಹಳೆಯ ಶಾಲೆಗಳು ಇರುವುದು ನಗರದ ಇನ್ನೊಂದು ತುದಿಯಲ್ಲಿ. ಕರ್ನಾಟಕದ ಶಿಕ್ಷಣ ಇಲಾಖೆ ಗುಳೆ ಹೋಗುವವರ ಮಕ್ಕಳಿಗಾಗಿ ಋತುಮಾನ ವಸತಿ ವ್ಯವಸ್ಥೆ ಮಾಡಿದೆ, ಆದರೆ ಎಳೆಯ ತಮ್ಮ–ತಂಗಿಯರನ್ನು ನೋಡಿಕೊಳ್ಳಲು ದೊಡ್ಡ ಹುಡುಗಿಯನ್ನು ಜೊತೆಗೆ ಕರೆದೊಯ್ಯುವ ಅನಿವಾರ್ಯತೆಯನ್ನು ಹಾಸ್ಟೆಲು ತಪ್ಪಿಸುವುದಿಲ್ಲ. ಕೆಲಸದ ಜಾಗದಲ್ಲೇ ಶಿಶುವಿಹಾರ ಇದ್ದರೆ ಮಾತ್ರ ಆ ಹುಡುಗಿ ಶಾಲೆಯಲ್ಲಿ ಉಳಿದಾಳು. 1996ರ ಕಾಯಿದೆ ಐವತ್ತಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ಜಾಗದಲ್ಲಿ ಅದನ್ನು ಕಡ್ಡಾಯ ಮಾಡಿದ್ದರೂ, ಒಂದೇ ಕಟ್ಟಡದ ಕೆಲಸ ಹಲವು ಗುತ್ತೇದಾರರಿಗೆ ಹಂಚಿಹೋಗಿರುವಲ್ಲಿ ಹೊಣೆ ಯಾರದೂ ಆಗುವುದಿಲ್ಲ.

2020ರ ಮಾರ್ಚ್ 24ರ ರಾತ್ರಿ ಲಾಕ್‌ಡೌನ್ ಘೋಷಣೆಯಾದಾಗ ಈ ಎಲ್ಲ ಕೊರತೆಗಳೂ ಒಮ್ಮೆಗೇ ಬಯಲಾದವು. ಕೆಲಸ ನಿಂತಿತು, ಬಸ್ಸು–ರೈಲು ನಿಂತವು, ಹೆದ್ದಾರಿಗಳ ಮೇಲೆ ಜನ ನಡೆದು ಹೊರಟರು. ದೇಶದ ಮೊದಲ ಶ್ರಮಿಕ ವಿಶೇಷ ರೈಲು 2020ರ ಮೇ 1ರಂದು ಬೆಳಗಿನ ಜಾವ ಹೊರಟದ್ದು ಇದೇ ಲಿಂಗಂಪಲ್ಲಿ ನಿಲ್ದಾಣದಿಂದ, ಜಾರ್ಖಂಡಿನ ಹಟಿಯಾಕ್ಕೆ. ಅದರಲ್ಲಿ ಇದ್ದ ಸುಮಾರು 1,200 ಮಂದಿಯಲ್ಲಿ ಸಂಗಾರೆಡ್ಡಿ ಬಳಿಯ ಐಐಟಿ ಕಟ್ಟಡಗಳಲ್ಲಿ ದುಡಿಯುತ್ತಿದ್ದವರು ಹೆಚ್ಚು. ಸಾಫ್ಟ್‌ವೇರ್ ನೌಕರರೂ ಆ ವರ್ಷ ಊರಿಗೆ ಮರಳಿದರು, ಆದರೆ ಅವರ ಕೆಲಸ ಲ್ಯಾಪ್‌ಟಾಪಿನೊಂದಿಗೆ ಅವರ ಜೊತೆಗೇ ಹೋಯಿತು. ಒಂದೇ ಬಡಾವಣೆಯ ಎರಡು ಬಗೆಯ ವಲಸಿಗರ ನಡುವಿನ ದೂರ ಇಷ್ಟು ನಿಚ್ಚಳವಾಗಿ ಮತ್ತೊಮ್ಮೆ ಕಂಡಿಲ್ಲ.

ಬಿಟ್ಟುಬಂದ ಊರು ಮತ್ತು ಮುಂದಿನ ಎಣಿಕೆ

ಗುಳೆಯ ದುಡ್ಡಿನಿಂದ ಊರಿನಲ್ಲಿ ಕಾಣುವ ಬದಲಾವಣೆ ಮೊದಲು ಮನೆಯದು: ಮಣ್ಣಿನ ಮಾಳಿಗೆಯ ಜಾಗದಲ್ಲಿ ಆರ್‌ಸಿಸಿ ಕೋಣೆ. ನಂತರ ಸಾಲ ತೀರುವುದು, ಮಗಳ ಮದುವೆ, ಬೋರ್‌ವೆಲ್. ಹೊಲವನ್ನು ಲಾವಣಿಗೆ ಕೊಟ್ಟು ಹೋಗುವವರು ಹೆಚ್ಚಾದಂತೆ ಊರಲ್ಲೇ ಉಳಿದ ರೈತರ ಕೈಗೆ ಹೆಚ್ಚು ಹೊಲ ಬಂದಿದೆ, ಅವರಿಗೆ ಹತ್ತಿ ಬಿಡಿಸಲು ಆಳು ಸಿಗುವುದು ಕಷ್ಟವಾಗಿದೆ. ಅಜ್ಜ–ಅಜ್ಜಿಯರು ಮೊಮ್ಮಕ್ಕಳನ್ನು ಸಾಕುವ ಮನೆಗಳು ತಾಂಡಾಗಳಲ್ಲಿ ಸಾಲಾಗಿ ಸಿಗುತ್ತವೆ.

ಇಷ್ಟು ದೊಡ್ಡ ಓಡಾಟ ಅಂಕಿಸಂಖ್ಯೆಗಳಲ್ಲಿ ಸರಿಯಾಗಿ ದಾಖಲಾಗಿಲ್ಲ. ಜನಗಣತಿ ಕೇಳುವುದು ಹಿಂದಿನ ವಾಸಸ್ಥಳವನ್ನು. ನಾಲ್ಕು ತಿಂಗಳು ಹೋಗಿ ಬರುವವನು ಎಣಿಕೆಯ ಹೊತ್ತಿಗೆ ಊರಲ್ಲಿದ್ದರೆ ಅವನು ವಲಸಿಗನೇ ಅಲ್ಲ. 2007–08ರ ರಾಷ್ಟ್ರೀಯ ಮಾದರಿ ಸಮೀಕ್ಷೆ ಅಲ್ಪಾವಧಿ ವಲಸಿಗರನ್ನು ಸುಮಾರು 1.36 ಕೋಟಿ ಎಂದು ಲೆಕ್ಕ ಹಾಕಿತು, ಕ್ಷೇತ್ರದಲ್ಲಿ ಕೆಲಸ ಮಾಡಿದ ಸಂಶೋಧಕರು ಇದನ್ನು ತೀರ ಕಡಿಮೆ ಎಂದರು. 2016–17ರ ಆರ್ಥಿಕ ಸಮೀಕ್ಷೆ ಬೇರೆ ದಾರಿ ಹಿಡಿದು, ಕಾಯ್ದಿರಿಸದ ರೈಲು ಟಿಕೆಟುಗಳ ಮಾರಾಟದಿಂದ ರಾಜ್ಯ ದಾಟುವವರನ್ನು ವರ್ಷಕ್ಕೆ 90 ಲಕ್ಷದಷ್ಟು ಎಂದು ಅಂದಾಜಿಸಿತು. ಲಾರಿ, ಟಂಟಂ, ಬಸ್ಸುಗಳಲ್ಲಿ ಯಾದಗಿರಿಯಿಂದ ಹೈದರಾಬಾದಿಗೆ ಬರುವವರು ಆ ಲೆಕ್ಕದಲ್ಲಿಯೂ ಇಲ್ಲ.

ಮುಂದಿನ ದಿನಗಳಲ್ಲಿ ಬರುವ ಜನರ ಮೂಲ ಬದಲಾಗುವ ಸೂಚನೆಗಳಿವೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಒಬ್ಬ ಹೆಂಗಸಿಗೆ ಸರಾಸರಿ ಮಕ್ಕಳ ಸಂಖ್ಯೆ ಕರ್ನಾಟಕದಲ್ಲಿ 1.7, ತೆಲಂಗಾಣದಲ್ಲಿ 1.8, ಜನಸಂಖ್ಯೆ ಇದ್ದಷ್ಟೇ ಉಳಿಯಲು ಬೇಕಾದ 2.1ಕ್ಕಿಂತ ಎರಡೂ ಕಡಿಮೆ. ಬಿಹಾರದಲ್ಲಿ ಅದು 3. ದಕ್ಷಿಣದ ನಗರಗಳಿಗೆ ದುಡಿಯುವ ಕೈಗಳು ಇನ್ನು ಮೇಲೆ ಹೆಚ್ಚಾಗಿ ಉತ್ತರದಿಂದ, ಪೂರ್ವದಿಂದ ಬರಬೇಕು. ಮಾದಾಪುರ, ಕೊಂಡಾಪುರಗಳ ಕಟ್ಟಡಗಳಲ್ಲಿ ಒಡಿಶಾ, ಬಿಹಾರ, ಜಾರ್ಖಂಡ್, ಪಶ್ಚಿಮ ಬಂಗಾಳಗಳ ಯುವಕರು ಈಗಾಗಲೇ ದೊಡ್ಡ ಸಂಖ್ಯೆಯಲ್ಲಿದ್ದಾರೆ. ಕುಟುಂಬವಿಲ್ಲದೆ ಒಂಟಿಯಾಗಿ ಬಂದು ಹೆಚ್ಚು ಹೊತ್ತು ದುಡಿಯುವ ಅವರ ಮುಂದೆ, ಮಕ್ಕಳು–ಮರಿಯೊಂದಿಗೆ ಬರುವ ಕಲ್ಯಾಣ ಕರ್ನಾಟಕದ ಜೋಡಿಗಳಿಗೆ ದೊಡ್ಡ ಕಂಪನಿಗಳ ಕೆಲಸ ಕಡಿಮೆಯಾಗಿ, ಸಣ್ಣ ಕಟ್ಟಡಗಳ, ರಸ್ತೆ ಅಗೆಯುವ, ಕೇಬಲ್ ಹಾಕುವ ಕೆಲಸ ಉಳಿಯುತ್ತಿದೆ.

ಮಾದಾಪುರದಲ್ಲಿ ಖಾಲಿ ಜಾಗ ಮುಗಿದಂತೆ ನಿರ್ಮಾಣದ ಕೆಲಸ ನಾನಕ್‌ರಾಮ್‌ಗುಡ, ಕೋಕಾಪೇಟೆ, ನಾರ್ಸಿಂಗಿಗಳತ್ತ, ಹೊರವರ್ತುಲ ರಸ್ತೆಯ ಆಚೆಗೆ ಸರಿದಿದೆ, ಜೋಪಡಿಗಳೂ ಅದರ ಹಿಂದೆ ಸರಿದಿವೆ. 2021ರಲ್ಲಿ ನಡೆಯಬೇಕಿದ್ದ ಜನಗಣತಿ ಮುಂದಕ್ಕೆ ಹೋಗಿ, 2027ರ ಮಾರ್ಚ್ 1ನ್ನು ಎಣಿಕೆಯ ಆಧಾರ ದಿನವೆಂದು ನಿಗದಿಮಾಡಲಾಗಿದೆ. ಆ ದಿನಾಂಕ ಬೀಳುವುದು ತೊಗರಿ ರಾಶಿ ಮುಗಿದ ಮೇಲೆ, ಗುಳೆಯ ನಡುಗಾಲದಲ್ಲಿ. ಕಲಬುರಗಿ, ಯಾದಗಿರಿಗಳ ಎಷ್ಟು ಕುಟುಂಬಗಳನ್ನು ಅವರ ಊರಿನಲ್ಲಿ, ಎಷ್ಟನ್ನು ಹೈದರಾಬಾದಿನ ಅಂಚಿನ ಜೋಪಡಿಗಳಲ್ಲಿ ಬರೆದುಕೊಳ್ಳಲಾಗುತ್ತದೆ ಎಂಬುದರ ಮೇಲೆ ಎರಡೂ ರಾಜ್ಯಗಳ ಮುಂದಿನ ಹಂಚಿಕೆಯ ಲೆಕ್ಕಗಳು ನಿಲ್ಲುತ್ತವೆ.